ಕಾಲು ಗಂಟೆ ಮುಂದಿದ್ದ ಕಂಪ್ಯೂಟರ್

ಕಂಪ್ಯೂಟರಿಗೆ ಏನೂ ಆಗಿರಲಿಲ್ಲ. ನನ್ನ ಸೊಸೆಗೆ ಕೆಲಸ ಬಾರದೆಯೂ ಇರಲಿಲ್ಲ. ಆಲ್ದೂರಿನ ಡಿಪೋದಲ್ಲಿ ಗಡಿಯಾರ ಕಾಲು ಗಂಟೆ ಮುಂದಿತ್ತು. ನಡೆದದ್ದು ಅಷ್ಟೇ. ಉಳಿದದ್ದೆಲ್ಲ ಜನ ಆಮೇಲೆ ಸೇರಿಸಿದ್ದು.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಸೊಸೆ ಚಿಕ್ಕಮಗಳೂರಿನ ಕಾಫಿ ಬೀಜ ಹಸನು ಮಾಡುವ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದಳು. ಬಾಣಂತನ ಮುಗಿಸಿ ಹೋದವಳಿಗೆ ಸಾಹೇಬರು ಹೊಸ ಕೆಲಸ ಹಚ್ಚಿದರು. ಆಲ್ದೂರಿನ ಡಿಪೋದಲ್ಲಿ ಕಾಫಿ ಇಳಿದಾಗ ಅಲ್ಲಿನ ಕಂಪ್ಯೂಟರಿನಲ್ಲಿ ಬರೆದದ್ದು ಚಿಕ್ಕಮಗಳೂರಿನದರಲ್ಲೂ ಬರಬೇಕು; ಇಲ್ಲಿ ತಿದ್ದಿದ್ದು ಅಲ್ಲೂ ತಿದ್ದಿರಬೇಕು. ಹೀಗೆ ಎರಡು ಕಡೆಯೂ ಒಂದೇ ಇರುವಂತೆ ಮಾಡುವುದಕ್ಕೆ ರೆಪ್ಲಿಕೇಶನ್ ಎನ್ನುತ್ತಾರಂತೆ. ಹಣ್ಣಿನ ಕೊಯ್ಲು ಜೋರಾಗುವುದರೊಳಗೆ ಅದು ಸರಿಹೋಗದಿದ್ದರೆ ತೆಗೆದುಹಾಕುವುದು, ಸೊಸೆ ಮನೆಯಲ್ಲಿದ್ದು ಮಗು ನೋಡಿಕೊಳ್ಳುವುದು ಎಂದು ಸಾಹೇಬರು ಹೇಳಿದ್ದರು. ಮೆತ್ತಗೇ ಹೇಳಿದರಂತೆ. ಮೆತ್ತಗೆ ಹೇಳಿದರೂ ಹೋಗು ಅಂದರೆ ಹೋಗು ಅಂತಲೇ.

ಮೊಮ್ಮಗ ಎದೆಹಾಲು ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಹಾಗಾಗಿ ಸೊಸೆ ಆಲ್ದೂರಿಗೆ ಹೊರಟಾಗಲೆಲ್ಲ ನಾನೂ ಅವನನ್ನು ಎತ್ತಿಕೊಂಡು ಬಸ್ಸು ಹತ್ತುತ್ತಿದ್ದೆ. ಡಿಪೋದಲ್ಲಿ ಕಾಫಿ ಚೀಲಗಳ ಮೇಲೆ ಕಂಬಳಿ ಹಾಸಿ ಮಲಗಿಸುತ್ತಿದ್ದೆ. ಹಮಾಲರು ಅವನ ಪಕ್ಕದ ಚೀಲ ಎತ್ತುವಾಗ ಉಸಿರು ಕಟ್ಟಿ ಎತ್ತುತ್ತಿದ್ದರು.

ಮೊದಲ ತೊಂದರೆ ಫೋನಿನದು. ಕಂಪ್ಯೂಟರುಗಳು ಮಾತಾಡುವುದು ಫೋನಿನ ತಂತಿಯಲ್ಲಿ. ಆ ತಂತಿ ಗಾಳಿ ಬೀಸಿದರೆ ಸಾಯುತ್ತಿತ್ತು. ಸೊಸೆ ಒಂದೊಂದೇ ಸೆಟ್ಟಿಂಗ್ ಬದಲಾಯಿಸುತ್ತ ಕೂತಳು. ಎಷ್ಟು ಹೊತ್ತಿಗೊಮ್ಮೆ ಕಳಿಸಬೇಕು, ಉತ್ತರ ಬಾರದಿದ್ದರೆ ಎಷ್ಟು ಕಾಯಬೇಕು, ತಂತಿ ಸತ್ತರೆ ಮತ್ತೆ ಎಲ್ಲಿಂದ ಶುರು ಮಾಡಬೇಕು, ಎಲ್ಲವನ್ನೂ ಅದಕ್ಕೆ ಹೇಳಿಕೊಡಬೇಕಂತೆ.

"ಎಂತ ಮಾಡ್ತಿದ್ದೀಯೇ ಅಷ್ಟೊತ್ತಿಂದ?" ಎಂದೆ.

"ಹೊರೆ ಸಣ್ಣದು ಮಾಡ್ತಿದ್ದೀನಿ ಅತ್ತೆ. ದೊಡ್ಡದು ಹೊರ್ಸಿದ್ರೆ ದಾರೀಲೇ ಬೀಳಿಸ್ಕೊಂಡು ಬರತ್ತೆ."

"ನಿನ್ನ ಗಂಡನ ಥರಾನೇ ಅನ್ನು."

ನಕ್ಕಳು. ಸಣ್ಣ ಹೊರೆ ಹೊರಿಸಿದ ಮೇಲೆ ಆ ತೊಂದರೆ ಹೋಯಿತು.

ಎರಡನೆಯದು ಕಾಡಿಸಿತು. ಆಲ್ದೂರಿನಲ್ಲಿ ತಪ್ಪಿ ರೊಬಸ್ಟಾ ಎಂದು ಬರೆದು, ಚಿಕ್ಕಮಗಳೂರಿನವರು ಅರೇಬಿಕಾ ಎಂದು ತಿದ್ದಿದ ಕಾಫಿ ಸ್ವಲ್ಪ ಹೊತ್ತಿಗೆ ಮತ್ತೆ ರೊಬಸ್ಟಾ ಆಗಿ ಕೂತಿರುತ್ತಿತ್ತು. ಎಲ್ಲವೂ ಅಲ್ಲ, ಕೆಲವು ಮಾತ್ರ. ಒಬ್ಬ ಹಮಾಲ, "ಮೇಡಮ್ಮೋರೆ, ಇದಕ್ಕೊಂದು ಕೋಳಿ ಕೊಡ್ಸಿ, ತಾನಾಗೇ ಸರಿಹೋಗತ್ತೆ" ಎಂದ.

"ಕೋಳಿ ತಿನ್ನೋದು ಕಂಪ್ಯೂಟರಾ, ನೀನಾ ಮಾರಾಯ?" ಎಂದೆ.

ಸೊಸೆ ನಗಲಿಲ್ಲ. ಆ ವಾರ ಅವಳಿಗೆ ಹಾಲು ಕಡಿಮೆಯಾಯಿತು, ಮಗು ರಚ್ಚೆ ಹಿಡಿಯಿತು. ಬಸ್ಸಿನಲ್ಲಿ ಹೇಳಿದೆ: "ಆಗ್ದಿದ್ರೆ ಆಗಲ್ಲ ಅಂತ ಹೇಳ್ಬಿಡು. ಮುಗೀತು."

"ಆಗತ್ತೆ ಅತ್ತೆ. ಎಲ್ಲೋ ಒಂದು ಕಡೆ ಸಿಕ್ಕತ್ತೆ."

ಅವಳಿಗೇ ಸಿಕ್ಕಿತು. ತಡವಾಗಿ ತಿದ್ದಿದ್ದು ಉಳಿಯುತ್ತಿದೆ, ಬಂದ ಕೂಡಲೇ ತಿದ್ದಿದ್ದು ಅಳಿಯುತ್ತಿದೆ ಎಂಬುದನ್ನು ನೋಡಿಕೊಂಡಳು. ಒಂದೇ ಕಾಫಿಗೆ ಎರಡು ಕಡೆ ಎರಡು ಥರ ಬರೆದಿದ್ದರೆ ಯಾವುದು ಕೊನೆಯಲ್ಲಿ ಬರೆದದ್ದೋ ಅದೇ ಖರೆ ಎಂದು ಅವಳೇ ಸೆಟ್ಟಿಂಗ್ ಮಾಡಿದ್ದಳು. ಚಿಕ್ಕಮಗಳೂರಿಗೆ ಫೋನ್ ಮಾಡಿ, ನಿಮ್ಮ ಕಂಪ್ಯೂಟರಿನಲ್ಲಿ ಈಗ ಟೈಮೆಷ್ಟು ಎಂದು ಕೇಳಿದಳು. ಫೋನಿಟ್ಟು ಡಿಪೋದ ರೈಟರ ಕಡೆ ತಿರುಗಿದಳು. ಅಲ್ಲಿ ಕಾಫಿಯ ಲೆಕ್ಕ ಬರೆಯುತ್ತಿದ್ದವರು ಅವರೇ, ವಯಸ್ಸಾದ ಒಳ್ಳೆಯ ಮನುಷ್ಯ.

"ಇದ್ರ ಟೈಮು ಯಾರು ಇಟ್ಟಿದ್ದು?"

"ನಾನೇ ಮೇಡಂ. ಗೋಡೆ ಗಡಿಯಾರ ನೋಡ್ಕೊಂಡೇ ಇಟ್ಟಿದ್ದೀನಿ."

"ಗೋಡೇದು ಕಾಲು ಗಂಟೆ ಮುಂದೆ ಇದೆಯಲ್ಲ?"

"ಇರ್ಲೇಬೇಕಲ್ಲ ಮತ್ತೆ. ಇಲ್ದಿದ್ರೆ ಬಸ್ಸು ಸಿಕ್ಕಲ್ಲ."

ನಮ್ಮ ಕಡೆ ಅಂಗಡಿಯಲ್ಲಿ, ಡಿಪೋದಲ್ಲಿ ಗಡಿಯಾರ ಮುಂದಿಡುವುದು ರೂಢಿ. ಮುಂದಿದೆ ಎಂದು ಎಲ್ಲರಿಗೂ ಗೊತ್ತು. ಕಂಪ್ಯೂಟರಿಗೆ ಗೊತ್ತಿರಲಿಲ್ಲ. ಆಲ್ದೂರಿನಲ್ಲಿ ಹತ್ತು ಗಂಟೆಗೆ ಬರೆದದ್ದು ಹತ್ತೂಕಾಲಿನದು ಎಂದು ಕೂತಿತ್ತು. ಚಿಕ್ಕಮಗಳೂರಿನವರು ಹತ್ತೂ ಹತ್ತಕ್ಕೆ ತಿದ್ದಿದರೆ ಅದು ಹಳೆಯದಾಗುತ್ತಿತ್ತು.

ರೈಟರ ಮುಖ ಚಿಕ್ಕದಾಯಿತು. "ನನ್ನಿಂದ ನಿಮ್ಗೆ ಇಷ್ಟು ತ್ರಾಸಾಯ್ತಲ್ಲ ತಾಯೀ."

"ಬಸ್ಸಿಗೆ ಅಂತ ತಾನೆ ಇಟ್ಟಿದ್ದು? ಗೋಡೇದು ಹಂಗೇ ಇರ್ಲಿ ಬಿಡಿ. ಇದನ್ನ ಮಾತ್ರ ಮುಟ್ಬೇಡಿ" ಎಂದಳು ಸೊಸೆ. ಅವರಿಗೆ ನೋವಾಗದ ಹಾಗೆ ಹೇಳಿದಳು. ನನಗೆ ಅಷ್ಟು ನಯವಾಗಿ ಹೇಳಲು ಬರುತ್ತಿರಲಿಲ್ಲ.

ಆಲ್ದೂರಿನ ಕಂಪ್ಯೂಟರು ಇನ್ನು ಮೇಲೆ ಚಿಕ್ಕಮಗಳೂರಿನದನ್ನು ಕೇಳಿಯೇ ಟೈಮು ಇಟ್ಟುಕೊಳ್ಳುವಂತೆ ಮಾಡಿದಳು. ಆ ಮಧ್ಯಾಹ್ನ ತಿದ್ದಿದ್ದೆಲ್ಲ ತಿದ್ದಿದ ಹಾಗೇ ಉಳಿಯಿತು. ಸಂಜೆ ಸಾಹೇಬರು ಫೋನಿನಲ್ಲಿ, ಮೂಡಿಗೆರೆ, ಕಳಸದ ಡಿಪೋಗಳಿಗೂ ನೀವೇ ಹೋಗಿ ಇದನ್ನು ಹಾಕಬೇಕು ಎಂದರು.

ವಾಪಸು ಬರುವಾಗ ಅವಳು ಖುಷಿಯಾಗಿರಬೇಕಿತ್ತು. ಮಗುವಿನ ಕಾಲು ಸವರುತ್ತ ಕಿಟಕಿ ಕಡೆ ನೋಡುತ್ತಿದ್ದಳು.

"ಕಳಸದ ದಾರಿ ಬರೀ ತಿರುವು ಅತ್ತೆ. ಇವನನ್ನ ಕಟ್ಕೊಂಡು ಹೋಗೋಕಾಗಲ್ಲ. ಬಿಟ್ಟು ಹೋಗೋಕೂ ಆಗಲ್ಲ. ಬೇರೆಯವ್ರಿಗೆ ಹೇಳಿ ಅಂತೀನಿ."

"ಇಷ್ಟು ಪಾಡು ಪಟ್ಟಿದ್ದು ಬೇರೆಯವ್ರಿಗೆ ಕೊಡೋಕಾ? ಸುಮ್ನಿರು, ಇವನನ್ನ ಮನೇಲಿ ನಾನು ನೋಡ್ಕೋತೀನಿ" ಎಂದೆ. ಮನೆಗೆ ಬಂದವಳೇ ರಾಗಿ ನೆನೆಹಾಕಿದೆ.

ಮಾರನೆಯ ಬೆಳಿಗ್ಗೆ ಅವಳು ಏಳುವ ಮೊದಲೇ ರಾಗಿ ರುಬ್ಬಿ, ಬಟ್ಟೆಯಲ್ಲಿ ಸೋಸಿ, ತೆಳ್ಳಗೆ ಗಂಜಿಯ ಹಾಗೆ ಮಣ್ಣಿ ಕಾಸಿದೆ. ಮೊಮ್ಮಗನನ್ನು ಕಾಲ ಮೇಲೆ ಹಾಕಿಕೊಂಡು ಬೆರಳ ತುದಿಯಲ್ಲಿ ನೆಕ್ಕಿಸಿದೆ. ಉಗಿದ. ಮತ್ತೆ ನೆಕ್ಕಿಸಿದೆ.