ಆಣೆ ಬೇಡವೆಂದ ಮಾರ್ಥಾಬಾಯಿ

ಪ್ರಾರ್ಥನೆಯಿಂದ ಚಟ ಬಿಟ್ಟಿತು ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಯಾಕೆಂದರೆ ಕುಡಿತ ಬಿಡುತ್ತೇನೆಂದು ನಾನೇ ಮೂರು ಸಲ ಆಣೆ ಮಾಡಿ ಮುರಿದಿದ್ದೆ. ಮೊದಲು ನಮ್ಮ ಮನೆತನದ ಅಯ್ಯನವರ ಮುಂದೆ ವಿಭೂತಿ ಮುಟ್ಟಿದೆ. ಆರು ದಿನ ತಡೆಯಿತು. ಆಮೇಲೆ ಪಂಢರಪುರಕ್ಕೆ ಹೋಗಿ ತುಳಸಿಮಾಲೆ ಹಾಕಿಕೊಂಡೆ. ನಮ್ಮ ಕಡೆ ಮಾಲೆ ಹಾಕಿದವನು ಕುಡಿಯುವುದಿಲ್ಲ. ನಾನು ಮಹಾ ಜಾಣ, ಮಾಲೆ ತೆಗೆದು ಗೂಟಕ್ಕೆ ಹಾಕಿ ಕುಡಿದೆ. ಮೂರನೆಯ ಆಣೆ ಮಗಳ ತಲೆ ಮುಟ್ಟಿ ಮಾಡಿದ್ದು. ಅದನ್ನೂ ಮುರಿದೆ. ಸುಳ್ಳಾಣೆ ಮಗುವಿಗೆ ತಟ್ಟುತ್ತದೆಂದು ಹೆದರಿದ ಹೆಂಡತಿ, ಅಂದಿನಿಂದ ಐದು ವರ್ಷದ ಆ ಕೂಸನ್ನು ನನ್ನ ಹತ್ತಿರ ಬಿಡಲಿಲ್ಲ. ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ನಾನು ಗೌಂಡಿ. ನಮ್ಮ ಕಡೆ ದೊಡ್ಡ ಭೂಕಂಪವಾದ ಮರುವರ್ಷ ಯೆಣೆಗೂರು ಎಂಬ ಹಳ್ಳಿಯಲ್ಲಿ ಮಾರ್ಥಾಬಾಯಿ ಎಂಬ ಮುದುಕಿಯ ಮನೆ ಕಟ್ಟುತ್ತಿದ್ದೆ. ಹಳೆಯ ಮನೆಯ ಗೋಡೆ ಬಿದ್ದು ಆಕೆಯ ಮಗ ಸತ್ತಿದ್ದ. ಆಕೆ ಯೇಸುವನ್ನು ನಂಬಿ ಬದುಕಿದ್ದಳು. ಬೆಳಿಗ್ಗೆ ಎರಡು ಗ್ಲಾಸು ಹೊಟ್ಟೆಗೆ ಬೀಳದಿದ್ದರೆ ನನ್ನ ಕೈನಡುಕ ನಿಲ್ಲುತ್ತಿರಲಿಲ್ಲ. ಒಂದು ಸಂಜೆ, ಕೊನೆಯದಾಗಿ ನೋಡೋಣವೆಂದು, ಆಕೆಯ ಬೈಬಲ್ಲಿನ ಮೇಲೆ ಆಣೆ ಮಾಡಲು ಹೋದೆ. ಆಕೆ ಪುಸ್ತಕ ಆಚೆ ಸರಿಸಿದಳು.

“ಆಣಿ ಬ್ಯಾಡ ತಮ್ಮಾ. ಆಣಿ ಅಂದ್ರ ಮತ್ತ ನಿನ್ನ ಬಲದ ಮ್ಯಾಲೇ ನಿಂತಂಗ ಆತು. ನನ್ನ ಕೈಲಿ ಆಗಂಗಿಲ್ಲ, ನೀನೇ ಹಿಡಿ ಅಂತ ಯೇಸುಗ ಹೇಳು. ಅಷ್ಟ ಸಾಕು.”

ಹೇಳಿದೆ. ಭಕ್ತಿಯಿಂದಲ್ಲ, ನನ್ನ ಮೇಲೆ ನನಗೇ ಹೇಸಿಗೆ ಬಂದು.

ಮರುದಿನ ಕುಡಿಯದೆ ಕೆಲಸಕ್ಕೆ ಬಂದೆ. ಕೈ ಗಡಗಡ ನಡುಗುತ್ತಿತ್ತು. ಗೋಡೆ ನೆಟ್ಟಗಿದೆಯೇ ಎಂದು ನೋಡಲು ಗುಂಡು ಕಟ್ಟಿದ ದಾರ ಇಳಿಬಿಟ್ಟೆ. ಗುಂಡು ಒಂದೇ ಸಮನೆ ತೂಗಾಡಿತು. ಆಗ ನನ್ನ ಮಣಿಕಟ್ಟಿನ ಕೆಳಗೆ ಯಾರೋ ಅಂಗೈ ಕೊಟ್ಟರು. ಒರಟು ಕೈ, ಬೆಚ್ಚಗಿತ್ತು. ಗುಂಡು ನಿಂತಿತು. ಮುದುಕಿಯೇ ಇರಬೇಕೆಂದು ತಿರುಗಿದೆ. ಯಾರೂ ಇರಲಿಲ್ಲ. ಆಕೆ ದೂರದ ಬೇವಿನ ಮರದ ಕೆಳಗೆ ಕೂತು ಜೋಳ ಹಸನು ಮಾಡುತ್ತಿದ್ದಳು.

ಆ ನಡುಕ ನಾಲ್ಕು ದಿನವಾದರೂ ಇರಬೇಕಿತ್ತು ಎಂದು ಉದಗೀರಿನ ಡಾಕ್ಟರು ಆಮೇಲೆ ಹೇಳಿದರು. ಯಾಕೆ ನಿಂತಿತೋ ಅವರಿಗೂ ತಿಳಿಯಲಿಲ್ಲ. ನನಗಂತೂ ಇಂದಿಗೂ ತಿಳಿದಿಲ್ಲ. ಆ ಕೈ ಮತ್ತೆಂದೂ ಬರಲಿಲ್ಲ. ಬಿಟ್ಟೇಬಿಟ್ಟೆ ಎಂದು ನಾನು ಯಾರಿಗೂ ಹೇಳುವುದಿಲ್ಲ. ದಿನಾ ಬೆಳಿಗ್ಗೆ ಮುದುಕಿ ಕಲಿಸಿದ ಆ ಮಾತನ್ನೇ ಹೇಳುತ್ತೇನೆ.

ಗುಂಡು ನಿಂತ ಆ ದಿನ ಸಂಜೆ ಮನೆಯಲ್ಲಿ ಚಹಾ ಕುಡಿಯುತ್ತಿದ್ದೆ. ಕಪ್ಪಿನ ಕೆಳಗಿನ ಬಸಿ ಸಪ್ಪಳ ಮಾಡಲಿಲ್ಲ. ಹೆಂಡತಿ ನನ್ನ ಕೈಯನ್ನೇ ನೋಡುತ್ತಿದ್ದಳು. ಮಗಳು ಮೆಲ್ಲಗೆ ಬಂದು ನನ್ನ ತೊಡೆಯ ಮೇಲೆ ಕೂತಳು. ಹೆಂಡತಿ ಅವಳನ್ನು ಹಿಂದಕ್ಕೆ ಕರೆಯಲಿಲ್ಲ.