ವಾಹನದ ಅಗತ್ಯ

ಕಾರಿಗೆ ಸಾಲ ಕೇಳಿದವರ ಮನೆ ನೋಡಿ ಬ್ಯಾಂಕಿಗೆ ವರದಿ ಬರೆಯುವುದು ಆಗ ನನ್ನ ಕೆಲಸ. ಚಡಚಣದ ದ್ರಾಕ್ಷಿ ಬೆಳೆಗಾರರೊಬ್ಬರ ತೋಟಕ್ಕೆ ಹೊರಟಾಗ ಮಳೆ ಬಂತು. ಎರೆಮಣ್ಣು ಮೆತ್ತಿ ಗಾಲಿಯೇ ತಿರುಗದೆ, ಸ್ಕೂಟರ್ ತಳ್ಳಿಕೊಂಡೇ ಹೋದೆ.

ಅವರು ಸಣ್ಣ ಕಾರೊಂದರ ಚಿತ್ರಗಳನ್ನು ಹರವಿದರು. "ಸಾಹೇಬ್ರ, ಬಿಳೇದ ತಗೋಬೇಕೋ, ಕೆಂಪಂದೋ ತಿಳೀವಲ್ತು. ನಿಮ್ಮ ಮನ್ಯಾಗಿನ ಕಾರ್ ಯಾವ ಬಣ್ಣದ್ದೈತ್ರಿ?"

"ನಂದು ಸ್ಕೂಟರ್ ಒಂದಽ ರೀ."

"ಇರ್ಲಿ ಬಿಡ್ರಿ, ನಿಮಗೂ ಒಂದಿನ ಬರ್ತೈತಿ."

ಆ ಸಮಾಧಾನಕ್ಕೇ ನನ್ನ ಹೊಟ್ಟೆ ಉರಿದುಹೋಯಿತು. ಅಂಗಳದಲ್ಲಿ ಟ್ರ್ಯಾಕ್ಟರ್, ಮೋಟರ್‌ಸೈಕಲ್ ಎರಡೂ ನಿಂತಿದ್ದವು. ಇವರಿಗೆ ಕಾರು ಬೇರೆ ಕೇಡು! ಇಲ್ಲ ಎಂದು ಬರೆಯಲೆಂದೇ ಪೆನ್ನು ತೆಗೆದೆ.

'ವಾಹನದ ಅಗತ್ಯವಿದೆಯೇ?' ಎಂದು ವರದಿಯ ಫಾರ್ಮು ಕೇಳಿತು. ಮೊಣಕಾಲವರೆಗೆ ಕೆಸರಾದ ನನ್ನ ಪ್ಯಾಂಟು ನೋಡಿಕೊಂಡೆ. 'ತೀರಾ ಅಗತ್ಯವಿದೆ' ಎಂದು ಬರೆದೆ.

ಯಾರಿಗೆ ಅಂತ ಫಾರ್ಮು ಕೇಳಿರಲಿಲ್ಲ.