ರಾಯದುರ್ಗದ ಮಧ್ಯಾಹ್ನವನ್ನು ಅಳೆಯಲು ಹೋದದ್ದು

ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರ ಬೋಧಿಸಿ, ನಾಡಿನ ಆರ್ಥಿಕತೆಗೆ ಕಣ್ಣಿಗೆ ಬೀಳುವಂಥ ಹಾನಿಯೇನನ್ನೂ ಮಾಡದೆ ನಿವೃತ್ತನಾದವನು ನಾನು. ಇಷ್ಟು ಶುದ್ಧವಾದ ದಾಖಲೆಯನ್ನು ಕೆಡಿಸಿಕೊಳ್ಳುವ ಅವಕಾಶ ಅರವತ್ತೆರಡನೆಯ ವಯಸ್ಸಿನಲ್ಲಿ ಒದಗಿಬಂತು. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯವರು ನನ್ನನ್ನು ಕ್ಷೇತ್ರ ಮೇಲ್ವಿಚಾರಕನೆಂದು ನೇಮಿಸಿ, ಒಂದು ಚೀಲ, ಒಂದು ಟೋಪಿ ಮತ್ತು ನಲವತ್ತು ಪುಟಗಳ ಪ್ರಶ್ನಾವಳಿಯನ್ನು ಕೊಟ್ಟು ಆಂಧ್ರದ ಗಡಿಯ ಅನಂತಪುರ ಸೀಮೆಗೆ ಅಟ್ಟಿದರು. ಏಪ್ರಿಲ್ ತಿಂಗಳ ಒಂದು ಭಾನುವಾರ ಧಾರವಾಡದಿಂದ ರೈಲು ಹತ್ತಿ, ಬಳ್ಳಾರಿಯಲ್ಲಿ ಉಳಿದು, ಸೋಮವಾರ ಬೆಳಿಗ್ಗೆ ರಾಯದುರ್ಗದ ಬಸ್ಸಿನಲ್ಲಿ ಕುಳಿತೆ.

ಕೆಲಸ ಕೇಳಲು ಸುಲಭವಾಗಿತ್ತು. ಈಗ ಬಿಸಿಲಿನಿಂದ ತಯಾರಾಗುವ ಕರೆಂಟು ಮಧ್ಯಾಹ್ನ ಹೇರಳ. ಬೆಳಿಗ್ಗೆ ಸಂಜೆ ಕಡಿಮೆ. ಆದ್ದರಿಂದ ಮಧ್ಯಾಹ್ನದ ಕರೆಂಟನ್ನು ಅಗ್ಗ ಮಾಡಿ, ಸಣ್ಣ ಕಾರ್ಖಾನೆಗಳ ಕೆಲಸವನ್ನೆಲ್ಲ ಆ ಹೊತ್ತಿಗೆ ತಳ್ಳಬಹುದೇ ಎಂಬುದು ಪ್ರಶ್ನೆ. ಆ ಹೊತ್ತಿನಲ್ಲಿ ಒಳಗೆ ಕೂತು ಕೆಲಸ ಮಾಡುವಷ್ಟು ತಂಪು ಇರುತ್ತದೆಯೇ ಎಂದು ತಿಳಿಯಲು ಬೆಂಕಿಪೊಟ್ಟಣದಷ್ಟಿರುವ ಡಬ್ಬಿಗಳನ್ನು ಎರಡು ತಿಂಗಳ ಹಿಂದೆಯೇ ಅಲ್ಲಲ್ಲಿ ನೇತುಹಾಕಿದ್ದರು. ಅವು ಗಂಟೆಗೊಮ್ಮೆ ತಾಪಮಾನವನ್ನು ತಾವೇ ಬರೆದಿಟ್ಟುಕೊಳ್ಳುತ್ತವೆ. ರಾಯದುರ್ಗದ ಒಂದು ಹೊಲಿಗೆ ಶೆಡ್ಡಿನಲ್ಲಿ ಒಂದು, ಹೋಲಿಕೆಗೆಂದು ರೊಳ್ಳದ ಒಂದು ರೇಷ್ಮೆ ಹುಳದ ಮನೆಯಲ್ಲಿ ಒಂದು ನನ್ನ ಪಾಲಿನವು. ಅವು ಬರೆದದ್ದನ್ನು ಮೊಬೈಲಿಗೆ ಇಳಿಸಿಕೊಂಡು, ಶುಕ್ರವಾರದೊಳಗೆ ವರದಿ ಕಳಿಸಬೇಕಿತ್ತು.

ಬಳ್ಳಾರಿಯಿಂದ ರಾಯದುರ್ಗಕ್ಕೆ ಸುಮಾರು ಐವತ್ತು ಕಿಲೋಮೀಟರು. ಟಿಕೆಟ್ಟಿಗೆ ಎಪ್ಪತ್ತು ರೂಪಾಯಿ. ಕಿಟಕಿಯ ಬಿಸಿಗಾಳಿ ಉಚಿತ. ಡಿ. ಹಿರೇಹಾಳ್‌ನಲ್ಲಿ ಬಸ್ಸು ಅರ್ಧ ಖಾಲಿಯಾಯಿತು, ಮತ್ತೆ ತುಂಬಿತು. ಕಂಡಕ್ಟರು ನನ್ನೊಡನೆ ಕನ್ನಡದಲ್ಲಿ, ಪಕ್ಕದವರೊಡನೆ ತೆಲುಗಿನಲ್ಲಿ, ಡ್ರೈವರನೊಡನೆ ಕೇವಲ ಸಿಳ್ಳಿನಲ್ಲಿ ವ್ಯವಹರಿಸಿದರು. ಹತ್ತೂವರೆಗೆ ಇಳಿದು ಮಂಡಕ್ಕಿಯ ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ ತಿಂದೆ. ಆ ಬಜ್ಜಿಯ ಖಾರ ನನ್ನ ಟೋಪಿಯ ಒಳಗಿನವರೆಗೂ ತಲುಪಿತು. ಈ ಪ್ರಯಾಣದ ಮೊದಲ ಕೃತಜ್ಞತೆಯನ್ನು ಅದಕ್ಕೇ ಸಲ್ಲಿಸುತ್ತೇನೆ.

ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯದ ಬೀದಿ ಹುಡುಕುವುದು ಕಷ್ಟ. ನಾನು ಹೋಗಬೇಕಾದ ಶೆಡ್ಡು ವೀರಭದ್ರಪ್ಪ ಎಂಬ ವ್ಯಾಪಾರಿಯದು: ತಗಡಿನ ಮಾಡು, ಇಪ್ಪತ್ತು ಮಷೀನು. ಕೆಲಸ ಬೆಳಗಿನ ಐದೂವರೆಯಿಂದ ಹನ್ನೊಂದು, ಮತ್ತೆ ನಾಲ್ಕರಿಂದ ಎಂಟು. ಹಣೆಗೆ ವಿಭೂತಿ, ಜೇಬಿಗೆ ಮೂರು ಪೆನ್ನು ಇಟ್ಟಿದ್ದ ವೀರಭದ್ರಪ್ಪನವರು ಸಂಜೆಯ ಪಾಳಿ ಶುರುವಾದ ಮೇಲೆ ನನ್ನನ್ನು ಒಳಗೆ ಕರೆದೊಯ್ದರು. ನಮ್ಮ ಡಬ್ಬಿ, ಮಷೀನುಗಳ ಮೇಲೆ, ಹೇಳಿದ ಮೊಳೆಗೇ ನೇತಾಡುತ್ತಿತ್ತು. ಧೂಳಿಲ್ಲ, ಗೀರಿಲ್ಲ.

ಸೊಂಟಪಟ್ಟಿ ಹೊಲಿಯುವ ಲಕ್ಷ್ಮೀದೇವಿ ಎಂಬಾಕೆ ಎದ್ದು ಬಂದು, "ನಿಮ್ಮ ಸಾಮಾನು ಭಾಳ ಜ್ವಾಪಾನ ಮಾಡೀವ್ರಿ," ಎಂದರು. ನಾನು ಸಂಸ್ಥೆಯ ಪರವಾಗಿ, ಅಗತ್ಯಕ್ಕಿಂತ ಗಂಭೀರವಾಗಿ, ಧನ್ಯವಾದ ಹೇಳಿದೆ.

ಇಳಿಸಿಕೊಂಡ ಅಂಕಿಗಳು ಸೊಗಸಾಗಿದ್ದವು. ಮಧ್ಯಾಹ್ನ ಒಂದು ಗಂಟೆಗೂ ಇಪ್ಪತ್ತೊಂಬತ್ತು ಡಿಗ್ರಿ ದಾಟಿರಲಿಲ್ಲ. ವೀರಭದ್ರಪ್ಪನವರು ಸಂತೋಷದಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು: ಮುಂದಿನ ತಿಂಗಳಿಂದ ಪ್ರಾಯೋಗಿಕವಾಗಿ ಬೆಳಗಿನ ಪಾಳಿ ಬಂದ್, ಹನ್ನೊಂದರಿಂದ ನಾಲ್ಕರವರೆಗೆ ಕೆಲಸ, ಬದಲಿಗೆ ಕರೆಂಟು ಅಗ್ಗ. ಲಕ್ಷ್ಮೀದೇವಿ ಮಾತ್ರ ಮಷೀನಿಗೆ ಹಿಂತಿರುಗಲಿಲ್ಲ. ಅವರು ಮೂರು ವರ್ಷ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಇದ್ದು ಬಂದವರು. ಇಲ್ಲಿ ತಂಪು ಹೊತ್ತಿನಲ್ಲೇ ಅರ್ಧ ದಿನದ ಕೆಲಸ ಮುಗಿಯುತ್ತದೆಂದೇ ಊರಿಗೆ ಮರಳಿದ್ದರು. ಹೋದ ವರ್ಷ ಅರ್ಜೆಂಟು ಆರ್ಡರಿಗೆ ಮಧ್ಯಾಹ್ನ ಕೂತಾಗ ಎರಡು ಸಲ ತಲೆ ತಿರುಗಿ ಬಿದ್ದದ್ದನ್ನು, ಬೇರೆ ಯಾರದೋ ಸುದ್ದಿಯೆಂಬಂತೆ ಹೇಳಿದರು. ಕೊನೆಗೆ, "ಬೆಳಗಿನ ಪಾಳಿ ಹೋದ್ರ ನಾನು ವಾಪಸ್ ಬೆಂಗಳೂರಿಗೇ ಹೋಗ್ಬೇಕ್ರಿ. ಮಗಳು ಎಂಟನೇ ಕ್ಲಾಸು. ಅಕಿನ್ನ ಯಾರ ಮನ್ಯಾಗ ಬಿಡ್ಲಿ?" ಎಂದು ಕೇಳಿದರು. ನನ್ನ ನಲವತ್ತು ಪುಟಗಳಲ್ಲಿ ಇದಕ್ಕೆ ಜಾಗವಿರಲಿಲ್ಲ. ಅಂಕಿಗಳು ಚೆನ್ನಾಗಿವೆ, ಭಯಪಡಬೇಡಿ ಎಂದೆ. ಅದೇ ಸಂಜೆ ಸಂಸ್ಥೆಯ ಮುಖ್ಯಸ್ಥೆಗೆ ಫೋನು ಮಾಡಿ, ರಾಯದುರ್ಗದ ಮಧ್ಯಾಹ್ನ ಪ್ರಶಸ್ತವಾಗಿದೆ ಎಂದೂ ಘೋಷಿಸಿಬಿಟ್ಟೆ.

ಮಂಗಳವಾರ ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಮಡಕಶಿರಾ, ಅಲ್ಲಿಂದ ಶೇರ್ ಆಟೋದಲ್ಲಿ ರೊಳ್ಳ. ಮೂವರ ಸೀಟಿನಲ್ಲಿ ಐವರು, ಜೊತೆಗೆ ಶೇಂಗಾದ ಎರಡು ಮೂಟೆ. ದಾರಿಯುದ್ದಕ್ಕೂ ಹಿಪ್ಪುನೇರಳೆ ತೋಟಗಳು ಹಸಿರಾಗಿದ್ದವು. ರತ್ನಗಿರಿಯ ಕೋಟೆ ನೋಡಿ ಹೋಗಿ ಎಂದು ಆಟೋದವನು ಒತ್ತಾಯಿಸಿದ. ಆ ಬಿಸಿಲಿನಲ್ಲಿ ಬೆಟ್ಟ ಹತ್ತುವವರಿಗೆ ಸಂಸ್ಥೆ ವಿಮೆ ಮಾಡಿಸಿಲ್ಲ ಎಂದು ತಪ್ಪಿಸಿಕೊಂಡೆ.

ರೇಷ್ಮೆ ಬೆಳೆಗಾರ ನರಸಿಂಹಪ್ಪನವರ ಮನೆಯಲ್ಲಿ ಮೊದಲು ಮುದ್ದೆ, ಹುರುಳಿಕಾಳಿನ ಸಾರು. ಸಂಶೋಧನೆ ಆಮೇಲೆ. ಹುಳದ ಮನೆಗೆ ತೆಂಗಿನ ಗರಿಯ ಹೊದಿಕೆ, ಕಿಟಕಿಗಳಿಗೆ ಒದ್ದೆ ಗೋಣಿತಾಟು. ಗಂಟೆಗೊಮ್ಮೆ ಯಾರಾದರೂ ಅದಕ್ಕೆ ನೀರು ಎರಚುತ್ತಾರೆ. ಬಾಗಿಲಲ್ಲಿ ಕಾಲು ತೊಳೆಸಿಕೊಂಡೇ ನನ್ನನ್ನು ಒಳಗೆ ಬಿಟ್ಟರು. ಕಾಲೇಜಿನ ಪ್ರಿನ್ಸಿಪಾಲರ ಕೋಣೆಗೂ ನಾನು ಅಷ್ಟು ಭಯಭಕ್ತಿಯಿಂದ ಹೋದವನಲ್ಲ. ಅಲ್ಲಿಯ ಡಬ್ಬಿ ಮಧ್ಯಾಹ್ನ ಮೂವತ್ತೊಂದು ತೋರಿಸುತ್ತಿತ್ತು. ಹುಳಕ್ಕೆ ಇದೇ ಜಾಸ್ತಿ ಎಂದು ನರಸಿಂಹಪ್ಪ ಕೊರಗಿದರು. ಸಮಾಧಾನಕ್ಕೆಂದು ನಾನು ರಾಯದುರ್ಗದ ಅಂಕಿ ತೋರಿಸಿದೆ.

ಅವರು ಮೊಬೈಲನ್ನು ದೂರ ಹಿಡಿದು ಓದಿದರು. ಆ ಶೆಡ್ಡಿನ ಮಾಡು ಯಾವುದರದು ಎಂದು ಕೇಳಿದರು. ತಗಡು ಎಂದೆ. ಮರ ಐತಾ ಎಂದರು. ಇಲ್ಲ ಎಂದೆ.

"ನಮ್ ಹುಳಕ್ಕೇ ಸಿಗ್ದಿರೋ ತಂಪು ತಗಡಿನ್ ಕೆಳಗೆ ಸಿಗ್ತೈತಾ ಸಾಮಿ? ಬಾಡಿಗೆ ಎಷ್ಟಂತೆ ಕೇಳಿ, ನಾಳೀಕೇ ಹುಳನೆಲ್ಲ ಅಲ್ಲಿಗೆ ಸಾಗುಸ್ತೀನಿ."

ಅವರ ಹೆಂಡತಿ ಸೆರಗು ಅಡ್ಡ ಹಿಡಿದು ನಕ್ಕರು. ನಾನೂ ನಗಲು ಪ್ರಯತ್ನಪಡುತ್ತ ಮೊಬೈಲು ವಾಪಸು ತೆಗೆದುಕೊಂಡು ಆ ಅಂಕಿಗಳನ್ನು ಮತ್ತೊಮ್ಮೆ ಓದಿದೆ. ಲೆಕ್ಕವನ್ನು ಪರೀಕ್ಷಿಸದೆ ಒಪ್ಪಬಾರದೆಂದು ಮೂವತ್ತೆರಡು ವರ್ಷ ಹೇಳಿಕೊಟ್ಟವನು ನಾನೇ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಒಬ್ಬರು ಅದನ್ನು ಒಂದು ನಿಮಿಷದಲ್ಲಿ ಮಾಡಿ ತೋರಿಸಿದ್ದರು. ರಾತ್ರಿ ಅವರ ಜಗುಲಿಯಲ್ಲೇ ಮಲಗಿ, ಬುಧವಾರ ಬೆಳಿಗ್ಗೆ ಐದಕ್ಕೆ ಹೊರಟೆ. ಸಿರಾ ಮೂಲಕ ಸುಖವಾಗಿ ಮನೆಗೆ ಹೋಗಬೇಕಿದ್ದವನು ಬಂದ ದಾರಿಯಲ್ಲೇ ಮತ್ತೆ ರಾಯದುರ್ಗಕ್ಕೆ ತಿರುಗಿದೆ.

ಹನ್ನೆರಡೂವರೆಗೆ ಹೇಳದೆ ಕೇಳದೆ ಶೆಡ್ಡಿನ ಬಾಗಿಲಲ್ಲಿ ನಿಂತಾಗ ಮಷೀನುಗಳೆಲ್ಲ ಸುಮ್ಮನಿದ್ದವು. ಮೊಳೆ ಖಾಲಿಯಿತ್ತು. ಹಿಂದಿನ ಕಲ್ಲಿನ ಪಡಸಾಲೆಯಲ್ಲಿ ಲಕ್ಷ್ಮೀದೇವಿ ಮತ್ತು ಇನ್ನಿಬ್ಬರು ಹೆಂಗಸರು ಪ್ಯಾಂಟುಗಳ ಉಳಿಕೆ ದಾರ ಕತ್ತರಿಸುತ್ತ ಕೂತಿದ್ದರು. ಅವರ ಪಕ್ಕದ ಗೂಡಿನಲ್ಲಿ ಎರಡು ನೀರಿನ ಮಡಕೆ. ಮಡಕೆಗಳ ನಡುವೆ, ಒದ್ದೆ ಬಟ್ಟೆ ಹೊದ್ದು, ನಮ್ಮ ಡಬ್ಬಿ ಮಗುವಿನಂತೆ ಮಲಗಿತ್ತು.

ಕೇಳಿದಾಗ ಲಕ್ಷ್ಮೀದೇವಿಗೆ ನಾನು ಕೇಳುವುದೇ ವಿಚಿತ್ರವೆನಿಸಿತು. ತುಟ್ಟಿ ಸಾಮಾನು, ಪರಸ್ಥಳದವರದು. ತಗಡಿನ ಕಾವಿಗೆ ಕೆಟ್ಟರೆ ಊರಿಗೆ ಕೆಟ್ಟ ಹೆಸರಲ್ಲವೇ? ಅದಕ್ಕೇ ದಿನಾ ಬೆಳಿಗ್ಗೆ ಇಳಿಸಿ ಇಲ್ಲಿಡುವುದು, ಸರದಿಯ ಮೇಲೆ ಬಟ್ಟೆ ಒದ್ದೆ ಮಾಡುವುದು, ಸಂಜೆ ಒರೆಸಿ ಮೊಳೆಗೆ ಹಾಕುವುದು. ಎರಡು ತಿಂಗಳು ಒಂದು ದಿನವೂ ತಪ್ಪಿಸಿರಲಿಲ್ಲವಂತೆ. ಸಂಸ್ಥೆಯ ಆಸ್ತಿಗೆ ಅಂಥ ಆರೈಕೆ ಸಂಸ್ಥೆಯೊಳಗೇ ಸಿಕ್ಕಿದ್ದನ್ನು ನಾನು ಕಂಡಿಲ್ಲ. ಆದರೆ ಆ ಆರೈಕೆಯೇ ಅವರ ಬೆಳಗಿನ ಪಾಳಿಯನ್ನು ನುಂಗಲಿದೆ ಎಂದು ಬಿಡಿಸಿ ಹೇಳಿದೆ. ಲಕ್ಷ್ಮೀದೇವಿಯ ಕತ್ತರಿ ನಿಂತಿತು.

"ನಮಗ ಅಷ್ಟು ಕಾವಾಗ್ತದ ಅಂದ್ರ ನಂಬಲಿಲ್ಲ, ಡಬ್ಬಿ ಹೇಳಿದ್ರ ನಂಬಿದ್ರಿ," ಎಂದರು. ಸಿಟ್ಟಿನಿಂದಲ್ಲ, ಲೆಕ್ಕ ಒಪ್ಪಿಸುವಂತೆ.

ಡಬ್ಬಿಯನ್ನು ಒರೆಸಿ ಮೊಳೆಗೆ ಹಾಕಿ, ವೀರಭದ್ರಪ್ಪನವರನ್ನು ಕರೆಸಿದೆ. ಕೇಳಿ ಅವರ ಮುಖ ಸಣ್ಣದಾಯಿತು. ಅಗ್ಗದ ಕರೆಂಟಿನಿಂದ ಇನ್ನೆರಡು ಮಷೀನು ಕೊಳ್ಳುವ ಯೋಚನೆ ಅವರದು. ಸಹಿ ಮಾಡಿ ಆಗಿದೆಯಲ್ರಿ ಎಂದರು. ನಾನು ವಾದಿಸಲಿಲ್ಲ. ಒಂದು ಗಂಟೆಗೆ, ಡಬ್ಬಿಯ ಕೆಳಗಿನ ಮಷೀನಿನಲ್ಲಿ ಹತ್ತೇ ಹತ್ತು ನಿಮಿಷ ಕೂತು ಹೊಲಿದು ನೋಡಿ ಎಂದು ಕೇಳಿಕೊಂಡೆ. ಅವರೂ ಒಂದು ಕಾಲದಲ್ಲಿ ಹೊಲಿದೇ ಮೇಲೆ ಬಂದವರು, ಅಭಿಮಾನದಿಂದ ಕೂತರು. ಮೊದಲ ಎರಡು ನಿಮಿಷ ತಮ್ಮ ಹಳೆಯ ಕೈಚಳಕ ತೋರಿಸಿದರು. ನಾಲ್ಕನೆಯದಕ್ಕೆ ವಿಭೂತಿ ಹರಿದು ಹುಬ್ಬಿಗೆ ಬಂತು. ಏಳನೆಯದಕ್ಕೆ ಹೊಲಿಗೆ ಸೊಟ್ಟಗಾಯಿತು.

"ಸಾವ್ಕಾರ್ರ, ಇದು ರಿಜೆಕ್ಟ್ ಆಗ್ತದ ನೋಡ್ರಿ," ಎಂದರು ಲಕ್ಷ್ಮೀದೇವಿ, ಸಾವ್ಕಾರರೇ ದಿನವೂ ಹೇಳುವ ಮಾತನ್ನು ಅವರದೇ ದನಿಯಲ್ಲಿ. ಎಲ್ಲರೂ ನಕ್ಕರು. ವೀರಭದ್ರಪ್ಪ ಎದ್ದು ಡಬ್ಬಿ ನೋಡಿದರು: ನಲವತ್ತೆರಡು. ಪಡಸಾಲೆಗೆ ಹೋಗಿ ಒಂದು ಚೊಂಬು ನೀರು ಕುಡಿದು, ಮುಖ ಒರೆಸಿಕೊಂಡು ಬಂದರು.

"ನನ್ನ ಸಹಿ ಹರದು ಹಾಕ್ರಿ ಸರ. ಬೆಳಗಿನ ಪಾಳಿ ಇದ್ದಂಗ ಇರ್ಲಿ. ಸೂರ್ಯಗ ಅಷ್ಟು ಪುಕ್ಕಟೆ ಕರೆಂಟ್ ಕೊಡೋದಿದ್ರ ಪಂಪ್ ಓಡಿಸಲಿ, ನೀರು ಎತ್ತಲಿ."

ವರದಿಯ ಶಿಫಾರಸ್ಸಿನ ಭಾಗಕ್ಕೆ ಇದಕ್ಕಿಂತ ಒಳ್ಳೆಯ ವಾಕ್ಯ ನನಗೆ ಹೊಳೆಯಲಿಲ್ಲ. ಹೆಚ್ಚುಕಡಿಮೆ ಹಾಗೆಯೇ ಬರೆದೆ. ಮುಖ್ಯಸ್ಥೆಗೆ ಫೋನು ಮಾಡಿ, ಸೋಮವಾರದ ಘೋಷಣೆಯನ್ನು ಹಿಂತೆಗೆದುಕೊಂಡೆ. ಆಕೆ ಚಿಕ್ಕ ವಯಸ್ಸಿನವರು, ಸಭ್ಯರು. ಎರಡು ತಿಂಗಳ ಅಂಕಿಗಳನ್ನು ಏನು ಮಾಡುವುದು ಎಂದು ಕೇಳಿದರು. "ಅಂಕಿಗಳು ನಿಜವೇ, ಮೇಡಂ," ಎಂದೆ, "ಆದರೆ ಅವು ಮಡಕೆಯವು." ಗೂಡಿನ ಕಥೆಯನ್ನೆಲ್ಲ ಹೇಳಿದೆ. ಆಮೇಲೆ ಆಕೆ, ಹಾಗಾದರೆ ಆ ಶೆಡ್ಡನ್ನು ಪ್ರಯೋಗದಿಂದ ಕೈಬಿಡೋಣ, ಉಳಿದ ಕಡೆಯ ಡಬ್ಬಿಗಳೂ ಎಲ್ಲಿ ಮಲಗುತ್ತವೆಂದು ನೋಡಿಬನ್ನಿ ಎಂದರು. ನನ್ನ ತಪ್ಪಿಗೆ ಅಷ್ಟು ಹಗುರ ಶಿಕ್ಷೆ ವಿಧಿಸಿದ್ದಕ್ಕೆ ಆಕೆಗೂ ಋಣಿ.

ಗುರುವಾರ ಬೆಳಿಗ್ಗೆ ಆರರ ಬಳ್ಳಾರಿ ಬಸ್ಸು. ಲಾಡ್ಜಿನಿಂದ ನಿಲ್ದಾಣಕ್ಕೆ ಸುತ್ತುದಾರಿ ಹಿಡಿದು ಶೆಡ್ಡಿನ ಬೀದಿಯಲ್ಲಿ ಹಾದುಹೋದೆ. ಗಾಳಿ ಇನ್ನೂ ತಂಪಾಗಿತ್ತು. ಬಾಗಿಲು ತೆರೆದಿತ್ತು, ಇಪ್ಪತ್ತು ಮಷೀನೂ ಓಡುತ್ತಿದ್ದವು. ಮೊದಲನೇ ಸಾಲಿನಲ್ಲಿ ಲಕ್ಷ್ಮೀದೇವಿ ಬಗ್ಗಿ ಕೂತಿದ್ದರು. ವಂದನೆ ಹೇಳಿ ಹೋಗೋಣವೆಂದು ಟೋಪಿ ತೆಗೆದು ಹೊಸಿಲ ಬಳಿ ನಿಂತೆ. ಯಾರೂ ತಲೆಯೆತ್ತಲಿಲ್ಲ, ಬಿಸಿಲೇರುವುದರೊಳಗೆ ಮುಗಿಸಬೇಕಾದ ಕೆಲಸ ಬಹಳ ಇತ್ತು.